ಗುಜರಿ ಅಂಗಡಿಗೆ ಬಂದ ಮೇಡಂ ಕ್ಯೂರಿ

ಹುಣಸೂರಿನ ಗುಜರಿ ಅಂಗಡಿಯಲ್ಲಿ ನನ್ನ ಹಳೇ ಪೇಪರು ತಕ್ಕಡಿ ಏರಿತ್ತು. ಪಕ್ಕದಲ್ಲಿ ತುಕ್ಕು ಹಿಡಿದ ಸೈಕಲ್ಲಿನೊಂದಿಗೆ ಒಬ್ಬ ತಾತ, ಅಜ್ಜಿ, ಕಾಲೇಜು ಓದುವ ಮೊಮ್ಮಗಳು ನಿಂತಿದ್ದರು.

“ಕೊಟ್ಬುಡಿ ಅತ್ಲಾಗೆ,” ಎಂದರು ಅಜ್ಜಿ. “ಮದ್ವೆ ದಿನ ಅಂತರಸಂತೆಯಿಂದ ಇದರ ಕ್ಯಾರಿಯರ್ ಮೇಲೆ ಕೂರಿಸ್ಕಂಡು ಬಂದ್ರಲ್ಲ, ಆ ನಾಚಿಕೆ ಇನ್ನೂ ಓಗಿಲ್ಲ.”

“ಅಜ್ಜಿ, ಮೇಡಂ ಕ್ಯೂರಿ ಅಂತ ದೊಡ್ಡ ವಿಜ್ಞಾನಿ. ಎರಡು ಸಲ ನೊಬೆಲ್ ಬಂದಿತ್ತು. ಮದ್ವೆ ಆಗಿ ಗಂಡನ ಜೊತೆ ಸೈಕಲಲ್ಲೇ ಊರೂರು ಸುತ್ತಿದ್ರಂತೆ,” ಎಂದಳು ಮೊಮ್ಮಗಳು.

ಅಜ್ಜಿ ಕಣ್ಣರಳಿಸಿದರು.

“ಅಷ್ಟು ದೊಡ್ಡೋರಾ? ಆಯಮ್ಮನೂ ಕ್ಯಾರಿಯರ್ ಮೇಲೇನಾ?”

“ಇಲ್ಲ ಕಣಜ್ಜಿ. ಅವ್ರಿಗೇ ಅಂತ ಬೇರೆ ಸೈಕಲ್ಲು. ತಾವೇ ತುಳಿದ್ರು.”

ಅಜ್ಜಿ ಸೀಟು ಸವರಿದರು. ಆಮೇಲೆ ತಾತನತ್ತ ತಿರುಗಿದರು.

“ನಂಗ್ಯಾಕೆ ಕಲಿಸ್ನಿಲ್ಲ ನೀವು?”

“ನೀನು ಕೇಳ್ನಿಲ್ವಲ್ಲ.”

“ಈಗ ಕೇಳ್ತಾವ್ನಿ. ತಿರುಗ್ಸಿ ಸೈಕಲ್ಲ.”

ಮೂವರೂ ಮನೆ ಕಡೆ ಹೊರಟರು. ಹ್ಯಾಂಡಲ್ಲು ಅಜ್ಜಿಯ ಕೈಯಲ್ಲಿತ್ತು.