ಮೂವತ್ತೆಂಟು ಲೈಬ್ರರಿ, ಒಂದು ರಿಜಿಸ್ಟರ್

ಯಲಹಂಕದಲ್ಲಿ ರಾಜಾನುಕುಂಟೆ ಬಸ್ಸು ಹತ್ತಿದ ನಾರಾಯಣಮ್ಮನಿಗೆ ಪುಣ್ಯಕ್ಕೆ ಸೀಟು ಸಿಕ್ಕಿತು. ಮುಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಹುಡುಗಿ. ಅವಳ ಪಕ್ಕ ತಲೆ ನರೆತ ಲೈಬ್ರರಿಯನ್, ತೊಡೆಯ ಮೇಲೆ ದಪ್ಪ ರಿಜಿಸ್ಟರ್. ಬೇಡವೆಂದರೂ ಅವರ ಮಾತು ಇವಳ ಕಿವಿಗೆ ಬೀಳುತ್ತಿತ್ತು.

“ನಿಮ್ಮಷ್ಟೇ ಪುಸ್ತಕ, ನಿಮ್ಮಷ್ಟೇ ಜನ ಇರೋ ಊರುಗಳ ಲೈಬ್ರರಿನೆಲ್ಲ ಹೋಲಿಸಿ ನೋಡೋಕೆ ಸಾಫ್ಟ್‌ವೇರೇ ಆರಿಸ್ತು ಮುನಿಕೃಷ್ಣಪ್ಪನೋರೆ. ನಿಮ್ದೂ ಸೇರಿ ಒಟ್ಟು ಮೂವತ್ತೆಂಟು.”

“ನಮ್ದು ಕಡೇಲೈತಾ ನಂದಿತಾ ಮೇಡಂ? ಮುಚ್ತಾರೆ ಅಂತಾವ್ರೆ.”

“ಮೊದಲನೇದು. ದಿನಕ್ಕೆ ತೊಂಬತ್ತು ಓದುಗರು. ಮಿಕ್ಕಿದ್ದು ಯಾವ್ದೂ ನಲವತ್ತು ದಾಟಿಲ್ಲ. ಎಲ್ಲೋ ತಪ್ಪಾಗಿದೆ ಅಂತಾನೇ ರಿಜಿಸ್ಟರ್ ತನ್ನಿ ಅಂದಿದ್ದು. ಕೂತು ಸಹಿ ಎಲ್ಲ ಎಣಿಸ್ದೆ. ಸರಿಯಾಗೇ ಇದೆ.”

“ಅಂಗಾರೆ ಮುಚ್ಚಕ್ಕಿಲ್ಲ.”

“ಇಲ್ಲ. ಆದ್ರೆ ಪುಟದ ತುಂಬ ಹೆಬ್ಬೆಟ್ಟು ಇದ್ಯಲ್ಲ, ಅದ್ಯಾವ್ದನ್ನೂ ನೀವು ಲೆಕ್ಕಕ್ಕೆ ಹಿಡಿದಿಲ್ಲ.”

“ಅವ್ರಿಗೆ ಓದಾಕ್ ಬರಕ್ಕಿಲ್ಲ ಮೇಡಂ. ಓದುಗರು ಅಂತ ಎಂಗ್ ಬರೀಲಿ?”

“ಮತ್ತೆ ಯಾಕ್ ಬರ್ತಾರೆ?”

“ಸಾಯಂಕಾಲ ನಾನು ಜೋರಾಗಿ ಓದ್ತೀನಿ. ಅವ್ರು ಕೇಳ್ತಾರೆ.”

“ಎಷ್ಟು ಜನ?”

“ದಿನಾ ಅರವತ್ತಾದ್ರೂ ಆಯ್ತಾರೆ. ಚಾಪೆ ಸಾಲಕ್ಕಿಲ್ಲ.”

ನಾರಾಯಣಮ್ಮ ತನಗರಿವಿಲ್ಲದೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ರಾಜಾನುಕುಂಟೆ ಬಂತು. ಹುಡುಗಿ ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿ, ರಿಜಿಸ್ಟರನ್ನು ಮುನಿಕೃಷ್ಣಪ್ಪನವರಿಂದ ಕೇಳಿ ಪಡೆದು, ಎರಡೂ ಕೈಯಲ್ಲಿ ಎದೆಗಾನಿಸಿಕೊಂಡು ಮೆಟ್ಟಿಲಿಳಿದಳು.