ಆ ಒಂದು ಸಾಲಿಗೆ ಸಭೆಯೆಲ್ಲ ಸುಮ್ಮನಾಗಿದ್ದು

...ಅಲ್ಲ ಕಣ್ಲಾ ಅಭಿ, ಟೀವಿ ಆರಿಸು ಅಂತ ಕಿರುಚಿದ್ದು ನಿನ್ ಮೇಲಿನ ಕೋಪಕ್ಕಲ್ಲ. ಆ ಬಾಂಬ್ ಹೊಗೆ, ಆ ಒಂಟೊಂಟಿ ಚಪ್ಪಲಿಗಳು ರಸ್ತೆ ತುಂಬ ಬಿದ್ದಿರೋದು, ಮೈಕ್ ಹಿಡ್ಕೊಂಡು ಓಡೋರು, ಅದನ್ನ ನನ್ ಕೈಲಿ ಇನ್ನೊಂದ್ಸಲ ನೋಡಕ್ಕಾಗಲ್ಲ, ಅದಕ್ಕೆ. ನೀನು ಕೇಳ್ದೆಯಲ್ಲ, 'ಬಾಂಬ್ ಇಟ್ಟೋರ್ನೂ ಕ್ಷಮಿಸ್ಬೇಕು ಅಂತ ಸಂಡೇ ಸ್ಕೂಲಲ್ಲಿ ಹೇಳ್ಕೊಟ್ರು, ನಿಜಾನಾ ಅಜ್ಜಿ' ಅಂತ. ಬಾ ಇಲ್ಲಿ, ಕೂತ್ಕ. ಜೆನಿ, ನೀನೂ ಬಾರೆ. ನಿಮ್ಮಪ್ಪ ಇದನ್ನೆಲ್ಲ ನಿಮ್ಗೆ ಹೇಳಿರಲ್ಲ, ಅಕ್ಕನ ಹೆಸರು ಎತ್ತಿದ್ರೆ ಎದ್ದು ಆಚೆ ಹೋಗ್ಬುಡ್ತಾನೆ.

ನಿಮ್ಮತ್ತೆ ರೋಸಿ, ಗೋಡೆ ಮೇಲೆ ನರ್ಸ್ ಬಟ್ಟೇಲಿ ನಗ್ತಾ ಅವ್ಳಲ್ಲ, ಅವ್ಳೇ. ಕೃಷ್ಣಗಿರೀಲಿ ನರ್ಸಿಂಗ್ ಓದಿದ್ಲು, ಇಲ್ಲ ಇಲ್ಲ, ಓದಿದ್ದು ಧರ್ಮಪುರೀಲಿ, ಕೃಷ್ಣಗಿರೀಲಿ ಮೊದಲ್ನೇ ಕೆಲಸ. ಆಮೇಲೆ ವಡಕ್ಕಿನ ಕಡೆ, ಅದೇ ಉತ್ತರದ ಕಡೆ, ಒಂದು ದೊಡ್ಡ ಊರಿನ ಆಸ್ಪತ್ರೆಗೆ ಹೋದ್ಲು. ಹಿಂದಿ ಬರ್ತಿರ್ಲಿಲ್ಲ ಅವಳ್ಗೆ. ಫೋನಲ್ಲಿ ಹೇಳೋಳು, 'ಅಮ್ಮಾ, ಇಲ್ಲಿ ರೋಗಿಗಳೇ ನಂಗೆ ಪಾಠ ಹೇಳ್ತಾರೆ, ನಾನು ಸೂಜಿ ಚುಚ್ತೀನಿ, ಅವ್ರು ನೋವಿಗೆ ಏನಂತಾರೋ ಅದನ್ನ ಕಲ್ತ್ಕೋತೀನಿ' ಅಂತ. ಹಂಗೆ ನಗೋಳು, ನೋಡು. ಆವತ್ತು ಸಾಯಂಕಾಲಾನೂ ಮಾತಾಡಿದ್ಲು. 'ಅಪ್ಪನ ಹಿಮ್ಮಡಿ ಒಡೆದೈತೆ ಅಂದೆಯಲ್ಲಮ್ಮಾ, ಇಲ್ಲಿ ಉಲ್ಲನ್ ಕಾಲ್ಚೀಲ ಚೆನ್ನಾಗಿರ್ತಾವೆ, ಸಂತೆಗೆ ಹೋಗ್ತಾ ಇದೀನಿ' ಅಂದ್ಲು. 'ಬೇಡ ಕಣೇ, ಈ ಮೂಕಂಡಪಲ್ಲಿ ಬಿಸ್ಲಲ್ಲಿ ನಿಮ್ಮಪ್ಪ ಉಲ್ಲನ್ ಹಾಕ್ಕೊಂಡ್ರೆ ಜನ ನಗ್ತಾರೆ' ಅಂದೆ ನಾನು. ಇಬ್ರೂ ನಕ್ವಿ. ಅಷ್ಟೇ. ಆ ಸಂತೇಲೇ ಬಾಂಬ್ ಸಿಡೀತು.

ಫೋನ್ ಮಾಡ್ತೀವಿ, ಮಾಡ್ತೀವಿ, ಹೋಗಲ್ಲ. ನಿಮ್ಮ ತಾತ ಆಗಿನ್ನೂ ಫ್ಯಾಕ್ಟರೀಲಿ ಫಿಟ್ಟರ್ರು, ಶಿಫ್ಟ್ ಬಿಟ್ಟು ಓಡ್ಬಂದ್ರು, ಕೈಯೆಲ್ಲ ಗ್ರೀಸು. ಬೆಳಿಗ್ಗೆ ಅವಳ ಜೊತೆ ಕೆಲಸ ಮಾಡೋ ನರ್ಸ್ ಒಬ್ಳು ಫೋನ್ ಮಾಡಿ 'ಅಮ್ಮಾ, ಗುರುತು ಸಿಕ್ತಮ್ಮಾ' ಅಂದ್ಲು. ಗುರುತು ಸಿಕ್ತು ಅಂದ್ರೆ ಬದುಕವ್ಳೆ ಅಂತ್ಲೇ ತಿಳ್ಕೊಂಡು ನಾನು ದೇವರಿಗೆ ಸ್ತೋತ್ರ ಅಂದ್ಬುಟ್ಟೆ ಕಣ್ರಮ್ಮ. ಆ ಹುಡುಗಿ ಆ ಕಡೆ ಅಳ್ತಾವ್ಳೆ, ನಾನು ಈ ಕಡೆ ಸ್ತೋತ್ರ ಅಂತೀನಿ.

ಬೆಂಗಳೂರಿಗೆ ವಿಮಾನದಲ್ಲಿ ಪೆಟ್ಟಿಗೆ ಬಂತು, ಅಲ್ಲಿಂದ ವ್ಯಾನಲ್ಲಿ ಇಲ್ಲಿಗೆ. ಮೊಳೆ ಹೊಡೆದಿದ್ರು, ತೆಗೀಬೇಡಿ ಅಂದ್ರು. ಮನೆ ಮುಂದೆ ಜನವೋ ಜನ. ದೊಡ್ಡೋರು ಬಂದು ಹಾರ ಹಾಕಿದ್ರು. ಮೈಕಿನ ಹುಡುಗ ಒಬ್ಬ ನನ್ ಬಾಯಿಗೇ ಹಿಡ್ದು 'ಎನ್ನಮ್ಮಾ ಸೊಲ್ಲ ವಿರುಂಬುರೀಂಗ' ಅಂತಾನೆ. ಏನು ಹೇಳಕ್ಕೆ ಇಷ್ಟ ಪಡ್ತೀರಿ ಅಂತ! ನಾನೇನ್ ಇಷ್ಟಪಡ್ಲಪ್ಪಾ? ಆಮೇಲೆ ಒಂದಷ್ಟು ಗಂಡಸರು ಬಂದ್ರು, 'ಮಗಳ ಫೋಟೋ ಕೊಡಿ, ಮೆರವಣಿಗೆ ಮಾಡ್ತೀವಿ, ರಕ್ತಕ್ಕೆ ರಕ್ತ' ಅಂತ. ನಿಮ್ಮ ತಾತ ಜೋರಾಗಿ ಮಾತಾಡಿದೋರೇ ಅಲ್ಲ, ಆವತ್ತು ಬಾಗಿಲಿಗೆ ಅಡ್ಡ ನಿಂತ್ಬುಟ್ರು. 'ನನ್ ಮಗಳು ಯಾರ ಜಾತೀನೂ ಕೇಳ್ದೆ ಗಾಯ ತೊಳ್ದೋಳು. ಅವಳ ಮುಖ ಹಿಡ್ಕೊಂಡು ಇನ್ನೊಬ್ರ ಮನೆ ಮುಂದೆ ಕೂಗ್ಬೇಡಿ, ಹೋಗಿ' ಅಂದ್ರು. ಹೋದ್ರು.

ಭಾನುವಾರ ಬಂತು. ನಮ್ ಸಭೆ, ಅದೇ ನಮ್ ಚರ್ಚು, ಆಗ ಇನ್ನೂ ತಗಡಿನ ಶೀಟ್ ಸೂರಿಂದು. ಪಾಸ್ಟರಯ್ಯ ಹೊಸಬ್ರು, ಚಿಕ್ಕ ವಯಸ್ಸು. ಆವತ್ತು ದೇಶದಲ್ಲೆಲ್ಲ ಪ್ರಾರ್ಥನೆ, ಇಲ್ಲೂ ಮೇಣದಬತ್ತಿ ಹಚ್ಚಿದ್ರು. ಸತ್ತೋರಿಗೆಲ್ಲ ಪ್ರಾರ್ಥನೆ ಆಯ್ತು, ಗಾಯ ಆದೋರಿಗೆ ಆಯ್ತು. ಆಮೇಲೆ ಅಯ್ಯ ಅಂದ್ರು, 'ಈಗ ಇದನ್ನ ಮಾಡಿದೋರಿಗೋಸ್ಕರಾನೂ ಬೇಡ್ಕೊಳ್ಳೋಣ, ಅವರನ್ನ ಕ್ಷಮಿಸೋಣ' ಅಂತ. ನಾನು ಎದ್ದು ನಿಂತೆ. ಯಾವತ್ತೂ ಸಭೇಲಿ ಬಾಯ್ಬಿಟ್ಟೋಳಲ್ಲ. 'ಅಯ್ಯಾ, ನಿಮಗೆ ಮಕ್ಕಳವ್ರಾ?' 'ಒಂದು ಹೆಣ್ಮಗು ಐತಮ್ಮಾ.' 'ಅದನ್ನ ಪೆಟ್ಟಿಗೇಲಿಟ್ಟು ಮೊಳೆ ಹೊಡೆದು ಕೊಟ್ಟ ಮೇಲೆ ಈ ಮಾತು ಹೇಳಿ, ಆಗ ಕೇಳ್ತೀನಿ.' ಅಂದ್ಬುಟ್ಟು ಆಚೆ ಬಂದು ಹೊಂಗೆ ಮರದ ಕೆಳಗೆ ಕೂತ್ಕಂಡೆ. ನನ್ ಹಿಂದೇನೇ ಎಲಿಸಮ್ಮ ಬಂದ್ಲು, ನಮ್ ಸಾಲಿನ ಮನೆಯೋಳು, ಫ್ಯಾಕ್ಟರಿ ಕ್ಯಾಂಟೀನಲ್ಲಿ ಅಡುಗೆ ಮಾಡ್ತಿದ್ಲು, ಬಾಯಿ ಅಂದ್ರೆ ಬಾಯಿ ಅವಳ್ದು, ಮುಚ್ತಾನೇ ಇರ್ಲಿಲ್ಲ. ಆವತ್ತು ಪಕ್ಕದಲ್ಲಿ ಕೂತು ಹುಲ್ಲು ಕೀಳ್ತಾ ಇದ್ಲು, ಅಷ್ಟೇ.

ಸಾಯಂಕಾಲ ಪಾಸ್ಟರಯ್ಯ ಮನೆಗೆ ಬಂದ್ರು. ಕೈಯಲ್ಲಿ ಬೈಬಲ್ ಇರ್ಲಿಲ್ಲ. ಹೊಸ್ತಿಲಾಚೇನೇ ನಿಂತ್ಕಂಡು, 'ಅಮ್ಮಾ, ನಿಮ್ಮನ್ನ ಅದನ್ನ ಕೇಳೋ ಹಕ್ಕು ನಂಗಿರ್ಲಿಲ್ಲ' ಅಂದ್ರು. ಕಣ್ಣು ಕೆಂಪಾಗಿದ್ವು. ನಾನಂದೆ, 'ಅಯ್ಯಾ, ನಾನು ಸಭೆ ಬಿಡಲ್ಲ. ಬಿಟ್ಟು ಎಲ್ಲಿಗೆ ಹೋಗ್ಲಿ? ಆದ್ರೆ ಎಲ್ಲರೂ ಒಟ್ಗೆ ಹೇಳೋ ಕರ್ತನ ಪ್ರಾರ್ಥನೇಲಿ, ನಮಗೆ ತಪ್ಪು ಮಾಡಿದೋರನ್ನ ನಾವು ಕ್ಷಮಿಸಿದಂಗೆ ನಮ್ಮನ್ನೂ ಕ್ಷಮಿಸು ಅನ್ನೋ ಸಾಲು ಐತಲ್ಲ, ಅದು ನನ್ ಬಾಯಲ್ಲಿ ಬರಲ್ಲ. ಸುಳ್ಳು ಹೇಳ್ದಂಗಾಗ್ತದೆ.' ಅವ್ರು 'ಹಂಗಾದ್ರೆ ನಿಮಗೆ ಬರೋ ತನಕ ನಾವೂ ಅದನ್ನ ಗಟ್ಟಿಯಾಗಿ ಹೇಳಲ್ಲಮ್ಮಾ' ಅಂದ್ರು.

ಸಮಾಧಾನಕ್ಕೆ ಅಂತಾರೆ ಅಂದ್ಕೊಂಡೆ ನಾನು. ಮುಂದಿನ ಭಾನುವಾರ ಎಲ್ಲರೂ ಎದ್ದು ನಿಂತು ಪ್ರಾರ್ಥನೆ ಶುರು ಮಾಡಿದ್ರು, ತಮಿಳ್ನೋರು ತಮಿಳಲ್ಲಿ, ನಾವು ಕನ್ನಡದಲ್ಲಿ, ಎಲ್ಲ ಒಟ್ಗೆ. ಆ ಸಾಲು ಬಂತು ನೋಡು, ಇಡೀ ಸಭೆ ದನಿ ನಿಂತೋಯ್ತು. ಒಬ್ರೂ ಉಸ್ರು ಬಿಡ್ಲಿಲ್ಲ. ಮೇಲೆ ಫ್ಯಾನ್ ಸದ್ದು, ಹೈವೇ ಮೇಲೆ ಲಾರಿ ಸದ್ದು, ಅಷ್ಟೇ. ಆಮೇಲೆ ಮುಂದಿನ ಸಾಲಿಂದ ತಿರ್ಗ ಶುರು ಮಾಡಿದ್ರು. ನಾನು ಮುಂದಿನ ಬೆಂಚು ಹಿಡ್ಕೊಂಡೆ. ಪೆಟ್ಟಿಗೆ ಮಣ್ಣಿಗೆ ಇಳಿಸೋವಾಗ ಬರದೇ ಇದ್ದ ಅಳು ಅಲ್ಲಿ ಬಂತು. ಹಂಗೇ ಪ್ರತಿ ಭಾನುವಾರ. ಗೊಣಗಿದೋರೂ ಇದ್ರು ಅನ್ನು. ಸಭೆ ಹಿರಿಯರೊಬ್ರು 'ಕರ್ತರು ಕಲಿಸಿದ್ದನ್ನ ಅರ್ಧಕ್ಕೆ ನಿಲ್ಸೋದಾ' ಅಂದ್ರೆ, ಎಲಿಸಮ್ಮ ಸೊಂಟಕ್ಕೆ ಕೈ ಕೊಟ್ಕೊಂಡು 'ಕಾಯೋದನ್ನೂ ಅವ್ರೇ ಕಲ್ಸಿದ್ದಯ್ಯಾ' ಅಂದ್ಬುಟ್ಲು.

ಅದೇ ಬಾಂಬಲ್ಲಿ ನಮ್ ಕಡೆಯೋರು ಇನ್ನೊಬ್ರು ಹೋಗಿದ್ರು, ಬೇರಿಕೆ ಕಡೆಯ ರೈತ ವೆಂಕಟಪ್ಪ, ರೋಜಾ ಹೂವಿನ ಲೋಡ್ ಜೊತೆ ಆ ಊರಿಗೆ ಹೋಗಿದ್ದೋರು. ನಮ್ ಸಭೆ ಹೆಂಗಸರು 'ಅವರ ಮನೆಗೂ ಹೋಗಿ ಬರೋಣ' ಅಂದ್ರು. ನಾನೂ ಬಸ್ ಹತ್ತಿದೆ. ಅವರ ಹೆಂಡ್ತಿ ಮುನಿಯಮ್ಮ ಹೊರಗೆ ಜಗಲಿ ಮೇಲೆ ಕೂತಿದ್ಲು, ತೋಟದಲ್ಲಿ ಹೂವು ಕೀಳೋರಿಲ್ದೆ ಗಿಡದಲ್ಲೇ ಒಣಗ್ತಿತ್ತು. ನಮ್ಮನ್ನ ನೋಡಿ, ಕೊರಳಲ್ಲಿ ಶಿಲುಬೆ ನೋಡಿ, ಮುಖ ಗಂಟು ಹಾಕ್ಕೊಂಡ್ಲು. 'ಏನು, ನಿಮ್ಮ ದೇವ್ರು ಏನಂತಾನಂತೆ ಇದಕ್ಕೆ?' ಎಲ್ಲರೂ ನನ್ನ ಮುಖ ನೋಡಿದ್ರು. 'ಕ್ಷಮಿಸು ಅಂತಾನೆ' ಅಂದೆ. 'ನೀನು ಕ್ಷಮಿಸಿದ್ಯಾ?' 'ಇಲ್ಲ.' ಆಮೇಲೆ ಚಾಪೆ ಸರಿಸಿ 'ಕೂರ್ಚೋ ಅಕ್ಕಾ' ಅಂದ್ಲು, ತೆಲುಗಲ್ಲಿ. ಕೂತೆ. 'ಅವನಿಗೆ ಗುಲಾಬಿ ಮುಳ್ಳು ಚುಚ್ಚಿದ್ರೂ ಊರಿಗೇ ಕೇಳೋ ಹಂಗೆ ಕೂಗೋನು ಅಕ್ಕಾ, ಅಲ್ಲಿ ಕೂಗಿದ್ನೋ ಇಲ್ವೋ' ಅಂದ್ಲು. ಇಬ್ರೂ ಅತ್ವಿ. ಅದಾದ್ಮೇಲೆ ನಮ್ ಹೆಂಗಸರು ಒಬ್ರ ಹಿಂದೆ ಒಬ್ರು ಸೆರಗು ಕಟ್ಕೊಂಡು ತೋಟಕ್ಕೆ ಇಳ್ದು ಹೂವು ಕಿತ್ರು. ಪ್ರಾರ್ಥನೆ ಗೀರ್ಥನೆ ಏನೂ ಮಾಡ್ಲಿಲ್ಲ ಅಲ್ಲಿ. ಆ ಸೀಸನ್ ಪೂರ್ತಿ ಹೋಗಿ ಬಂದ್ವಿ.

ಎಷ್ಟೋ ಕಾಲ ಆದ್ಮೇಲೆ ಕೋರ್ಟಲ್ಲಿ ತೀರ್ಪು ಬಂತು, ಬಾಂಬ್ ಇಟ್ಟೋರಿಗೆ ಗಲ್ಲು. ಮೈಕಿನೋರು ತಿರ್ಗ ಬಂದ್ರು, ಪಾಸ್ಟರಯ್ಯಾನೇ ಗೇಟಲ್ಲಿ ನಿಂತು ವಾಪಸ್ ಕಳಿಸಿದ್ರು. ಮುನಿಯಮ್ಮ ಫೋನ್ ಮಾಡಿದ್ಲು. 'ಗಲ್ಲು ಅಂತೆ ಅಕ್ಕಾ. ಖುಷಿಯಾಗ್ತದೆ ಅಂದ್ಕೊಂಡು ಇಷ್ಟು ವರ್ಷ ಕಾದೆ. ಏನೂ ಆಗ್ಲಿಲ್ಲ. ನಿಂಗೆ?' 'ನಂಗೂ ಏನೂ ಆಗ್ಲಿಲ್ಲ ಮುನಿಯಮ್ಮಾ.' ಅವ್ರು ಸತ್ರೂ ರೋಸಿ ಬರಲ್ಲ, ಅದು ನಂಗೆ ಆವತ್ತೇ ಸರಿಯಾಗಿ ಗೊತ್ತಾಗಿದ್ದು ನೋಡು. ಆ ಭಾನುವಾರ ಪ್ರಾರ್ಥನೇಲಿ ಆ ಸಾಲಿಗೆ ಸಭೆ ಎಂದಿನಂಗೆ ಸುಮ್ನಾಯ್ತು. ಆ ನಿಶ್ಶಬ್ದದಲ್ಲಿ ಯಾರೋ ಆ ಸಾಲು ಹೇಳ್ತಾವ್ರೆ, ಒಡಕು ದನಿ. ಯಾರಪ್ಪಾ ಅಂದ್ರೆ ನಾನೇ. ಅರ್ಧಕ್ಕೆ ನಿಂತೋಯ್ತು. ಎಲಿಸಮ್ಮ ನನ್ ಕೈ ಹಿಡ್ಕೊಂಡು ಮಿಕ್ಕಿದ್ದನ್ನ ಹೇಳಿದ್ಲು, ಅವಳ ಹಿಂದೆ ಎಲ್ಲರೂ ಹೇಳಿದ್ರು, ಪಾಸ್ಟರಯ್ಯ ಮಾತ್ರ ಗೋಡೆ ಕಡೆ ತಿರುಗಿಬಿಟ್ರು.

ಕ್ಷಮಿಸಿದ್ಯಾ ಅಜ್ಜಿ ಅಂತ ಕೇಳ್ಬೇಡ ಕಣ್ಲಾ. ನಂಗೇ ಗೊತ್ತಿಲ್ಲ. ಬಾಯಿ ಮುಂದೆ ಹೋಯ್ತು, ಮನಸ್ಸು ಕುಂಟ್ಕೊಂಡು ಹಿಂದ್ಗಡೆ ಬತ್ತಾ ಐತೆ. ಈಗ್ಲೂ ಕೆಲವು ಭಾನುವಾರ ಆ ಸಾಲು ಬರಲ್ಲ. ಈಗ ಟೀವೀಲಿ ತೋರಿಸಿದ್ರಲ್ಲ, ಅಲ್ಲೂ ಯಾರೋ ಒಬ್ಳು ತಾಯಿ ಕೂತಿರ್ತಾಳೆ. ಅವಳ ಮನಸ್ಸು ನೆಂದಿರೋ ಸೌದೆ ಕಣ್ರಮ್ಮ, ಊದಿದ್ರೆ ಹೊಗೇನೇ ಬರೋದು, ಒಣಗೋ ತನಕ ಬಿಡ್ಬೇಕು. ಸಾವಿನ ಮನೆಗೆ ಹೋದ್ರೆ ಬುದ್ಧಿ ಹೇಳಕ್ಕೆ ಹೋಗ್ಬೇಡಿ, ಕೆಲಸ ಇದ್ರೆ ಮಾಡಿ. ಏಳಿ ಏಳಿ, ಸೊಳ್ಳೆ ಬಂದ್ವು.