ನಾಲ್ಕು ಗಂಟೆಯ ಸಿಗರೇಟು

ಹಲೋ... ಹಲೋ, ಯಾರು ಮಾತಾಡ್ತಿರೋದು? ಅಡುಗೆ ಅನಿಲದ ತುರ್ತು ವಿಭಾಗ ತಾನೇ?...

ಹಾಂ, ಮೇಡಂ, ನಮ್ಮನೇಲಿ ಪೈಪಿನ ಅನಿಲ ಸೋರ್ತಿದೆ. ಸೋರ್ತಿದೆ ಅಂದ್ರೆ ತಾನಾಗಿ ಸೋರ್ತಿಲ್ಲ, ನಾನೇ ತೂತು ಕೊರೆದು ಸೋರಿಸಿದ್ದೀನಿ...

ಇಲ್ಲ, ಒಳಗಿಲ್ಲ. ಗೇಟಿನ ಹೊರಗೆ, ರಸ್ತೆಯಲ್ಲಿ ನಿಂತಿದ್ದೀನಿ. ಒಂದು ಸ್ವಿಚ್ಚೂ ಮುಟ್ಟಿಲ್ಲ, ಬಾಗಿಲು ಪೂರ್ತಿ ತೆರೆದಿಟ್ಟು ಬಂದೆ. ಇವತ್ತು ಸರಿಯಾಗಿ ಮಾಡಿದ ಕೆಲಸ ಅದೊಂದೇ...

ಹೇಗಾಯ್ತಾ? ನಾನು ಬಡಗಿ, ಮೇಡಂ. ಇಪ್ಪತ್ತೆರಡು ವರ್ಷದ ಅನುಭವ. ಪೈಪು ಹಾಕಿದ ದಿನ ನಿಮ್ಮವರು, ಇದು ಕಣ್ಣಿಗೆ ಕಾಣ್ತಿರಲಿ, ಮುಚ್ಚಬೇಡಿ ಅಂತ ಹೇಳಿ ಹೋದರು. ನಾನು ಹಲಗೆ ಹೊಡೆದು ಮುಚ್ಚಿದೆ. ಎಷ್ಟು ಚೆನ್ನಾಗಿ ಮುಚ್ಚಿದೆ ಅಂದ್ರೆ, ಇವತ್ತು ಸೌಟು ನೇತುಹಾಕೋಕೆ ಕೊರೆಯುವಾಗ ಪೈಪು ಎಲ್ಲಿದೆ ಅನ್ನೋದು ನನಗೇ ಗೊತ್ತಾಗಲಿಲ್ಲ...

ನಗಬಹುದು ಮೇಡಂ, ಪರವಾಗಿಲ್ಲ...

ಒಳಗೆ ಯಾರಾದ್ರೂ... ಇದ್ದಾರೆ. ಅದಕ್ಕೇ ಜೀವ ಬಾಯಿಗೆ ಬಂದಿರೋದು. ನಮ್ಮ ಮಾವ, ನನ್ನ ಹೆಂಡತಿಯ ತಂದೆ. ಮಧ್ಯಾಹ್ನದ ಊಟ ಮುಗಿಸಿ ಮಹಡಿ ಮೇಲೆ ಮಲಗಿದ್ದಾರೆ. ಕೂಗಿದೆ, ಗಂಟಲು ಹರಿಯೋ ಹಾಗೆ ಕೂಗಿದೆ. ಮಲಗುವಾಗ ಕಿವಿಯ ಯಂತ್ರ ತೆಗೆದಿಡ್ತಾರೆ...

ಹಾಂ, ಕರೆಗಂಟೆ ಒತ್ತಲ್ಲ, ಕಿಡಿ ಹಾರುತ್ತೆ, ಗೊತ್ತು... ಏನಂದ್ರಿ? ಈ ಅನಿಲ ಗಾಳಿಗಿಂತ ಹಗುರ, ಮೇಲಕ್ಕೇ ಏರುತ್ತಾ? ಮೇಲೆ ಅಂದ್ರೆ... ಮಾವನ ಕಡೆಗೇ ಅಲ್ವಾ? ಅಯ್ಯೋ, ಅವರು ನಾಲ್ಕಕ್ಕೆ ಎದ್ದು, ಕಣ್ಣು ಪೂರ್ತಿ ಬಿಡೋದಕ್ಕೂ ಮುಂಚೆ ಸಿಗರೇಟು ಹಚ್ತಾರೆ! ಈಗ ನಾಲ್ಕಕ್ಕೆ ಆರೇ ನಿಮಿಷ...

ಇಲ್ಲ, ಒಳಗೆ ಹೋಗಲ್ಲ... ಹೋಗಲ್ಲ ಅಂದೆನಲ್ಲ. ಮೀಟರಾ? ಹೊರಗೋಡೆಯಲ್ಲೇ ಇದೆ. ಅದರ ಹಿಡಿಯನ್ನ ಪೈಪಿಗೆ ಅಡ್ಡವಾಗಿ ತಿರುಗಿಸಿದ್ರೆ ಸಾಕಾ?... ಸುಲಭವೇ. ಆದರೆ ಅದಕ್ಕೂ ನಾನು ಪೆಟ್ಟಿಗೆ ಮಾಡಿದ್ದೀನಿ. ತೇಗದ್ದು. ಬೀಗದ ಕೈ ಅಡುಗೆಮನೆಯಲ್ಲಿದೆ...

ಒಡೀಬೇಕಾ? ಮೂರು ಸಲ ಪಾಲಿಷ್ ಹೊಡೆದ... ಹಾಂ, ಹಾಂ, ಬೈಬೇಡಿ, ಒಡೀತೀನಿ. ಕಬ್ಬಿಣ ಬಳಸಲ್ಲ, ಕಾಲಲ್ಲೇ ಒದೀತೀನಿ. ಫೋನು ಗೇಟಿನ ಕಂಬದ ಮೇಲಿಟ್ಟು ಹೋಗ್ತೀನಿ. ನೀವು ಮಾತ್ರ ಕಟ್ ಮಾಡ್ಬೇಡಿ...

............

ಹಲೋ, ಇದ್ದೀರಾ?... ಮುಚ್ಚಿದೆ! ಅಡ್ಡ ತಿರುಗಿಸಿದೆ! ಪೆಟ್ಟಿಗೆ ಏಳು ಒದೆ ತಿಂತು ಮೇಡಂ. ಗಿರಾಕಿಗಳಿಗೆ ಮಾಡಿಕೊಟ್ಟ ಮಂಚಗಳು ಇಷ್ಟು ಗಟ್ಟಿಯಾಗಿದ್ದಿದ್ರೆ ನನ್ನ ಹೆಸರು ಎಲ್ಲಿಗೋ ಹೋಗ್ತಿತ್ತು...

ಆದರೂ ಒಳಗೆ ತುಂಬ್ಕೊಂಡಿದ್ದು ಹಾಗೇ ಇರುತ್ತಾ?... ಅಯ್ಯೋ, ಬಾಲ್ಕನಿ ಬಾಗಿಲು ತೆರೀತು! ಮಾವ! ಬಾಯಲ್ಲಿ ಸಿಗರೇಟು, ಕೈಯಲ್ಲಿ ಬೆಂಕಿಪೊಟ್ಟಣ... ಮಾವಾ, ಬೇಡಾ! ಹಚ್ಚಬೇಡೀ!... ನಾನು ಕೈ ಬೀಸಿದ್ರೆ ಅವರೂ ಬೀಸ್ತಿದ್ದಾರೆ ಮೇಡಂ! ನಗ್ತಾ ಬೀಸ್ತಿದ್ದಾರೆ! ಕಡ್ಡಿ ತೆಗೆದ್ರು... ತಡೀರಿ, ನನ್ನ ಚಪ್ಪಲಿ...

ತಪ್ಪಿತು... ಇನ್ನೊಂದು...

ಬಿತ್ತು! ಪೊಟ್ಟಣ ಹೂದೋಟಕ್ಕೆ ಬಿತ್ತು!... ಕೈಗೇ ತಗುಲಿತು. ಮುಖ ಕೆಂಪಾಗಿದೆ. ಇಳಿದು ಬರ್ತಿದ್ದಾರೆ ಅನ್ಸುತ್ತೆ. ಬರಲಿ, ಬೈತಾನೇ ಬರಲಿ, ಬೇಗ ಬರಲಿ...

ಬಂದ್ರು ಮೇಡಂ! ರಸ್ತೆಗೇ ಬಂದ್ರು... ಹುಷಾರಾಗಿದ್ದಾರೆ. ನನ್ನ ಕಾಲರು ಹಿಡಿಯೋಷ್ಟು ಹುಷಾರಾಗಿದ್ದಾರೆ... ಹೌದು, ನಿಮ್ಮವರು ಬಂದು ನೋಡೋ ತನಕ ಯಾರೂ ಒಳಗೆ ಕಾಲಿಡಲ್ಲ...

ಸೋರಿಕೆಗೆ ಕಾರಣ ಬರೀಬೇಕಾ? ತುಕ್ಕು ಅಲ್ಲ, ಹಳೇ ಪೈಪೂ ಅಲ್ಲ. ‘ಅಳಿಯ’ ಅಂತ ಬರ್ಕೊಳ್ಳಿ... ಮಾವ, ಹೇಳ್ತೀನಿ, ಕಾಲರು ಬಿಡಿ. ಅ-ನಿ-ಲ!... ಏನು? ಮೇಲೆ ವಾಸನೆ ಬರ್ತಿತ್ತಾ? ಮತ್ತೆ ಯಾಕೆ ಎದ್ದು ಬರಲಿಲ್ಲ?... ನನ್ನ ಪಾಲಿಷ್ ಇರಬೇಕು ಅಂದ್ಕೊಂಡ್ರಾ?...

ಮೇಡಂ, ‘ಅಳಿಯ’ ಅಂತ ಬರೆದ್ರಲ್ಲ, ಅದರ ಕೆಳಗೆ ಗೆರೆ ಎಳ್ಕೊಳ್ಳಿ. ಮಾವ, ಫೋನು ಕಿತ್ಕೋಬೇಡಿ! ಎರಡು ಗೆ—